ಬಸುವಿನ ರಕ್ತದ ಗುಂಪು

ಕೆ.ಆರ್. ಪುರದ ಆ ಬಾಡಿಗೆ ಕೋಣೆಯಲ್ಲಿ ರೇವತಿಯ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಮಗ ಬಸುವಿನ ಕಾಲಿನ ಎಲುಬಿನಲ್ಲಿ ಕೀವು ತುಂಬಿತ್ತು. ಆಪರೇಷನ್‌ಗೆಂದು ರಕ್ತ ಪರೀಕ್ಷೆ ಮಾಡಿಸಿದರೆ ಓ ಗುಂಪು ಎಂದು ಬಂತು. ಗಂಡ ಸಾಯಬಣ್ಣನದು ಎಬಿ. ಅವನ ಜೊತೆ ಗಾರೆ ಕೆಲಸ ಮಾಡುವವನೊಬ್ಬ ಮೊಬೈಲ್ ನೋಡಿ, ಎಬಿ ಅಪ್ಪನಿಗೆ ಓ ಮಗು ಹುಟ್ಟುವುದೇ ಇಲ್ಲ ಅಂದುಬಿಟ್ಟ. ಮೊಬೈಲ್ ಹೇಳಿದ್ದು ವೇದವಾಕ್ಯವಾಯಿತು, ಹೆಂಡತಿ ಹೇಳಿದ್ದು ಸುಳ್ಳಾಯಿತು.

"ಅವನ ಅಪ್ಪ ಯಾರದಾನೋ, ಅವನೇ ಬಂದು ಸಹಿ ಹಾಕ್ಲಿ," ಎಂದ ಸಾಯಬಣ್ಣ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ.

ರೇವತಿ ಹೊರಗಿನವಳಲ್ಲ, ಅವನ ಸ್ವಂತ ಅಕ್ಕನ ಮಗಳು. ಅತ್ತೆ ಅಮೃತಮ್ಮ ಅವಳಿಗೆ ಅಜ್ಜಿ, ಎತ್ತಿ ಆಡಿಸಿದವಳು. ಆ ಅಜ್ಜಿಯೂ ಮುಖ ತಿರುಗಿಸಿದ್ದು ರೇವತಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಜಗಳದಲ್ಲೇ ದಿನಗಳು ಹೋದವು, ಆಪರೇಷನ್ ಆಗಲೇ ಇಲ್ಲ. ಜ್ವರ ನೆತ್ತಿಗೇರಿದಾಗ ರೇವತಿ ಒಬ್ಬಳೇ ಮಗನನ್ನು ಆಟೋದಲ್ಲಿ ಶಿವಾಜಿನಗರದ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಇನ್ನೊಂದು ಸಂಕಟ. ಓ ಗುಂಪಿನ ಯಾವ ಚೀಲದ ರಕ್ತವೂ ಬಸುವಿಗೆ ಹೊಂದಲಿಲ್ಲ. ಅವನ ರಕ್ತದ ಜೊತೆ ಬೆರೆಸಿ ನೋಡಿದರೆ ಕಣಗಳು ಗಂಟುಗಟ್ಟುತ್ತಿದ್ದವು. ರಕ್ತನಿಧಿಯಲ್ಲಿ ಪರೀಕ್ಷೆ ಮಾಡುವ ಲುಬ್ನಾ, ಬಸುವಿನ ಮನೆಯವರನ್ನೆಲ್ಲ ಕರೆಸಿದಳು.

"ಇದು ಓ ಅಲ್ಲ, ಬಾಂಬೆ ಗುಂಪು," ಎಂದಳು ಲುಬ್ನಾ. "ಎ, ಬಿ ಅನ್ನೋ ಗುರುತು ರಕ್ತಕಣದ ಮೇಲೆ ಕೂರೋಕೆ ಹೆಚ್ ಅನ್ನೋ ಪಾಯ ಬೇಕು. ಆ ಪಾಯ ಹಾಕೋಕೆ ಒಂದು ಕಿಣ್ವ ಇದೆ. ಅದರ ಜೀನ್ ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತೆ. ಎರಡೂ ಕೆಟ್ಟಿದ್ರೆ ಪಾಯಾನೇ ಇಲ್ಲ. ಅಪ್ಪ ಕೊಟ್ಟ ಎ ಅಥವಾ ಬಿ ಜೀನ್ ಒಳಗಿದ್ರೂ ಪರೀಕ್ಷೇಲಿ ಕಾಣಲ್ಲ, ಓ ಅಂತಾನೇ ಬರುತ್ತೆ. ಓ ರಕ್ತದಲ್ಲಿ ಆ ಪಾಯ ಇರುತ್ತೆ, ಅದಕ್ಕೇ ಇವನ ರಕ್ತ ಅದನ್ನ ಒಪ್ಪಲ್ಲ. ನೀವು ಗಾರೆ ಕೆಲಸದೋರು, ಪಾಯ ಇಲ್ದೆ ಗೋಡೆ ನಿಲ್ಲುತ್ತಾ ಹೇಳಿ."

"ಹಂಗಾದ್ರ ಆ ಕೆಟ್ಟದ್ದು ಯಾರ ಕಡಿಂದ ಬಂತ್ರೀ?" ಎಂದಳು ಅಮೃತಮ್ಮ.

"ಇಬ್ರ ಕಡೆಯಿಂದಾನೂ. ಸೋದರಮಾವನ ಜೊತೆ ಮದುವೆ ಅಲ್ವಾ? ನಿಮ್ಮಿಂದಾನೋ ನಿಮ್ಮ ಯಜಮಾನ್ರಿಂದಾನೋ ಮಗನಿಗೂ ಬಂದಿರುತ್ತೆ, ಮಗಳ ಮೂಲಕ ಇವಳಿಗೂ ಬಂದಿರುತ್ತೆ. ಒಂದೇ ಕೆಟ್ಟಿದ್ರೆ ಗೊತ್ತಾಗಲ್ಲ."

ಅಮೃತಮ್ಮ ರೇವತಿಯ ಪಕ್ಕ ಹೋಗಿ ಕೂತಳು. ಮೊಮ್ಮಗಳ ಮೇಲೆ ಹೊರಿಸಿದ್ದು ತನ್ನ ಕರುಳಬಳ್ಳಿಯಲ್ಲೇ ಹರಿದು ಬಂದದ್ದಾಗಿತ್ತು.

ಬಾಂಬೆ ಗುಂಪಿನ ದಾನಿ ಸಿಕ್ಕರು, ದೂರದ ಊರಿನಿಂದ ರಕ್ತ ಬಂತು. ಬಸುವಿನ ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು.

"ನಂದೇ ತಪ್ಪು," ಎಂದ ಸಾಯಬಣ್ಣ.

"ನೀ ನನ್ನ ನಂಬ್ಲಿಲ್ಲ, ಅದು ಬಿಡು," ಎಂದಳು ರೇವತಿ. "ಎಚ್ಚರಾದ ಮ್ಯಾಲ ಅವ ಕಾಲು ಎಲ್ಲಿ ಅಂತ ಕೇಳ್ತಾನ. ನೀನೇ ಹೇಳು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ರಕ್ತದ ಗುಂಪು ತಾಳೆಯಾಗದಿದ್ದರೆ ಹೆಂಡತಿಯನ್ನು ಪ್ರಶ್ನಿಸಬೇಡಿ, ರಕ್ತನಿಧಿಯಲ್ಲಿ ಕೇಳಿ. ಓ ಎಂದು ಬಂದೂ ರಕ್ತ ಹೊಂದದಿದ್ದರೆ ಹೆಚ್ ಪರೀಕ್ಷೆ ಮಾಡಿಸಿ. ಬಾಂಬೆ ಗುಂಪಾದರೆ ಅಪರೂಪದ ದಾನಿಯಾಗಿ ಹೆಸರು ಕೊಡಿ, ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಿ. ನಿಮ್ಮ ಅನುಮಾನ ತೀರಲಿ ಎಂದು ಮಗುವಿನ ಚಿಕಿತ್ಸೆಯನ್ನು ಮಾತ್ರ ನಿಲ್ಲಿಸಬೇಡಿ.