ಆಲೆಮನೆಯಲ್ಲಿ ಪಾಠ ಕಲಿತ ಮೇಷ್ಟ್ರಮ್ಮ

ಸಂಜೆ ಏಳು ಗಂಟೆ. ಕಿರಂಗೂರಿನ ಸಾಕ್ಷರತಾ ಕೇಂದ್ರಕ್ಕೆ ಒಬ್ಬರೂ ಬರಲಿಲ್ಲ. ಎರಡು ತಿಂಗಳ ಹಿಂದೆ, 1994ರ ಜನವರಿಯಲ್ಲಿ, ಹದಿನೆಂಟು ಜನ ಹೆಸರು ಬರೆಸಿದ್ದರು. ಇನ್ನು ಹದಿನೈದು ದಿನ ಹೀಗೇ ಆದರೆ ಕೇಂದ್ರ ಮುಚ್ಚುತ್ತದೆ.

ಮರುದಿನ ಬೆಳಿಗ್ಗೆ ಪಾಠ ಹೇಳುವ ಪ್ರಮೀಳಾ ಆಲೆಮನೆಗೆ ಹೋದರು. ಎಲ್ಲರಿಗಿಂತ ಮೊದಲು ಪಾಠ ಬಿಟ್ಟವರು ಬೆಲ್ಲ ಕಾಯಿಸುವ ಬೋರಯ್ಯ.

"ಯಾಕಣ್ಣ ಬರ್ನಿಲ್ಲ?"

"ಬುಡವ್ವ. ಐವತ್ತು ದಾಟ್ದೋನು ನಾನು. ತಪ್ಪು ಓದುದ್ರೆ ಎದ್ದು ನಿಲ್ಲುಸ್ತೀಯ. ಅದೂ ಎಂಡ್ತಿ ಮುಂದೆ!"

ಒಲೆಗೆ ಕಬ್ಬಿನ ಸಿಪ್ಪೆ ತುರುಕುತ್ತಿದ್ದ ಹೆಂಡತಿ ಅಣ್ಣಮ್ಮ ನಕ್ಕರು. "ಥೇಟ್ ಬೆದ್ರುಬೊಂಬೆ ಅಂಗೆ ನಿಂತಿದ್ರು ಕಣವ್ವ. ನಾಗಮಂಗ್ಲದಿಂದ ಮಗಳ ಕಾಗ್ದ ಬಂದು ಮೂರ್ ದಿನ ಆಯ್ತು. ಜೇಬಲ್ಲಿ ಇಟ್ಕಂಡು ಓದೋರ್ನ ಉಡುಕ್ತಾವ್ರೆ."

ಬೋರಯ್ಯನವರ ಕಣ್ಣು ಕೊಪ್ಪರಿಗೆಯ ಮೇಲೇ ಇತ್ತು.

"ಪಾಕ ಬಂತು ಅಂತ ಹೆಂಗ್ ಗೊತ್ತಾಗುತ್ತಣ್ಣ?"

"ನೀನೇ ನೋಡು ಬಾ." ಚೂರು ಪಾಕವನ್ನು ತಣ್ಣೀರಿಗೆ ಬಿಟ್ಟರು. "ಉಂಡೆ ಕಟ್ಟು."

ಪ್ರಮೀಳಾ ಬೆರಳಲ್ಲಿ ಅದು ಕರಗಿಹೋಯಿತು. ಎರಡನೇ ಸಲ ಅಂಟಂಟಾಗಿ ಎಳೆ ಬಂತು. ಆಳೊಬ್ಬ ಕಿಸಕ್ಕೆಂದ.

"ಸುಮ್ಕಿರ್ಲಾ! ನೀನೂ ಇಂಗೇ ಕಲ್ತಿದ್ದು," ಎಂದರು ಬೋರಯ್ಯ.

ಮೂರನೇ ಸಲ ಗಟ್ಟಿ ಉಂಡೆ.

"ಈಗ!" ಪ್ರಮೀಳಾ ಕೂಗಿದರು. ಅವರ ಮಾತಿನ ಮೇಲೆ ನಾಲ್ಕು ಆಳುಗಳು ಕೊಪ್ಪರಿಗೆ ಇಳಿಸಿದರು. ಅಚ್ಚಿಗೆ ಹೊಯ್ದ ಬೆಲ್ಲ ಹೊಂಬಣ್ಣಕ್ಕೆ ತಿರುಗಿತು.

ಪ್ರಮೀಳಾ ಬೆರಗಾಗಿ ನಿಂತರು. ಈ ಮನುಷ್ಯ ತಮ್ಮಿಂದ ಏನನ್ನೂ ಉರುಹೊಡೆಸಲಿಲ್ಲ. ಕೈಗೆ ಕೆಲಸ ಕೊಟ್ಟರು, ಎರಡು ಸಲ ತಪ್ಪಲು ಬಿಟ್ಟರು, ನಗುವವರ ಬಾಯಿ ಮುಚ್ಚಿಸಿದರು.

"ನನಗಿಂತ ಒಳ್ಳೆ ಮೇಷ್ಟ್ರು ನೀವು. ಕಾಗ್ದ ತೆಗೀರಿ, ಗುರ್ತಿರೋ ಅಕ್ಷರ ಇದ್ಯಾ ನೋಡಿ."

ಬೋರಯ್ಯ ಜೇಬಿನಿಂದ ಕಾಗದ ತೆಗೆದು ಬಹಳ ಹೊತ್ತು ನೋಡಿದರು. ಬೆರಳು ಮೊದಲ ಸಾಲಿನಲ್ಲಿ ನಿಂತಿತು.

"ಇದು... ಅಪ್ಪ."

ಬೋರಯ್ಯ ಕಾಗದವನ್ನು ಪ್ರಮೀಳಾ ಕೈಗಿಟ್ಟರು.

"ಮಿಕ್ಕಿದ್ದು ಈ ಸಲ ನೀನೇ ಓದ್ಬುಡವ್ವ."

ಮರುದಿನದಿಂದ, ಕೆಲಸ ಬಿಡುವಾಗುವ ಮಧ್ಯಾಹ್ನ ಮೂರಕ್ಕೆ ಆಲೆಮನೆಯಲ್ಲೇ ಪಾಠ. ಮೊದಲ ಪದಗಳು ಬೆಲ್ಲ, ಕಬ್ಬು, ಪಾಕ. ಯಾರನ್ನೂ ಎದ್ದು ನಿಲ್ಲಿಸಲಿಲ್ಲ. ಬಿಟ್ಟವರು ಒಬ್ಬೊಬ್ಬರಾಗಿ ಮರಳಿದರು, ಕೇಂದ್ರ ಮುಚ್ಚಲಿಲ್ಲ.

ದೊಡ್ಡವರಿಗೆ ಕಲಿಸುವವರೇ, ಅವರಿಗೆ ಏನು ಗೊತ್ತಿದೆ ಎಂದು ಮೊದಲು ಕೇಳಿ. ಅವರ ಬಿಡುವು ನೋಡಿ, ಅವರಿರುವಲ್ಲಿಗೆ ನೀವೇ ಹೋಗಿ. ಅರ್ಧಕ್ಕೆ ಬಿಟ್ಟವರೇ, ನೀವು ದಡ್ಡರಲ್ಲ. ಇನ್ನೊಮ್ಮೆ ಬನ್ನಿ.

ಮೇ ತಿಂಗಳಲ್ಲಿ ನಾಗಮಂಗಲದಿಂದ ಇನ್ನೊಂದು ಕಾಗದ ಬಂತು. ಓದಿ ಮುಗಿಸಲು ಬೋರಯ್ಯನವರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಣ್ಣಮ್ಮ ಕೊನೆಯವರೆಗೂ ಕೂತು ಕೇಳಿದರು.