ಎರಡು ಕಬ್ಬಿಣದ ಕಪ್ಪೆಗಳು

“ಒಂದಕ್ಷರ ಸುಳ್ಳಿದ್ರೆ ನನ್ನ ನಾಲಿಗೆ ಸೇದುಹೋಗ್ಲಿ ಡಾಕ್ಟ್ರೇ. ಈ ಕಪ್ಪೆ ಕೊಡುವಾಗ ಆ ಹಡಗಿನ ಕ್ಯಾಪ್ಟನ್ ಗಳಗಳ ಅತ್ತುಬಿಟ್ಟ.”

ಹೋದ ತಿಂಗಳು ಇದೇ ಕಥೆಯಲ್ಲಿ ಹಡಗು ದೋಣಿಯಾಗಿತ್ತು, ಕ್ಯಾಪ್ಟನ್ ಅಂಬಿಗನಾಗಿದ್ದ. ವಿಮಾ ಏಜೆಂಟರು ತಮ್ಮ ಮನೆಯ ಕಪಾಟಿನಿಂದ ತೆಗೆದದ್ದು ಕಪ್ಪೆಯಾಕಾರದ ಹಳೇ ಕಬ್ಬಿಣದ ಹುಂಡಿ. ನಾಲಿಗೆಯ ಮೇಲೆ ನಾಣ್ಯವಿಟ್ಟು ಕಾಲು ಒತ್ತಿದರೆ ಕಪ್ಪೆ ಗುಳಕ್ಕನೆ ನುಂಗುತ್ತದೆ. ಹಲ್ಲಿನ ಡಾಕ್ಟರು ಅದನ್ನು ಅಂಗಾತ ಮಲಗಿಸಿ ಹೊಟ್ಟೆ ನೋಡಿದರು.

“ಪೇಟೆಂಟ್ ಪೆಂಡಿಂಗ್ ಅಂತಿದೆ. ಅಂದ್ರೆ ಪೇಟೆಂಟ್ ಸಿಗ್ಲೇ ಇಲ್ವಾ?”

“ಅರ್ಜಿ ಹಾಕಿದಾರೆ, ಇನ್ನೂ ಬಂದಿಲ್ಲ ಅಂತ. ಬಂದ ಮೇಲೆ ಅಚ್ಚು ಬದಲಾಯಿಸಿ ನಂಬರ್ ಹಾಕ್ತಾರೆ. ಅದಕ್ಕೇ ಈ ಗುರುತಿರೋವು ಸಿಗೋದೇ ಕಷ್ಟ. ನಕಲಿನವರು ಅಸಲನ್ನೇ ಮರಳಲ್ಲಿ ಒತ್ತಿ ಎರಕ ಹೊಯ್ತಾರೆ. ಕಬ್ಬಿಣ ಆರಿದಾಗ ಕುಗ್ಗುತ್ತೆ. ನಕಲು ಒಂದು ಚೂರು ಸಣ್ಣದಾಗುತ್ತೆ, ಅಕ್ಷರ ಮೊಂಡಾಗುತ್ತೆ. ಹೆಬ್ಬೆರಳು ಆಡಿಸಿದ್ರೆ ಸಾಕು.”

ಬಾಗಿಲಲ್ಲಿದ್ದ ಏಜೆಂಟರ ಹೆಂಡತಿ ಒಳಗೆ ಹೋಗಿ, ವರ್ಷವಿಡೀ ಗುಜರಿ ಅಂಗಡಿ ಅಲೆದು ಹುಡುಕಿದ್ದ, ಅದಕ್ಕೆ ಜೋಡಿಯಾಗುವ ಇನ್ನೊಂದು ಕಪ್ಪೆಯನ್ನು ತಂದು ಪಕ್ಕದಲ್ಲಿಟ್ಟಳು. ಈ ಮನೆಗೆ ಬಂದ ಮೇಲೆ ಗಂಡನ ಬಾಯಿಂದ ಒಂದು ‘ಭೇಷ್’ ಕೇಳಿದವಳಲ್ಲ. ಇವತ್ತು ಹೊರಗಿನವರ ಎದುರೇ ಕೇಳಬಹುದೆಂದುಕೊಂಡಿದ್ದಳು.

“ನಿಮಗೇ ತಂದಿದ್ದು ಕಣ್ರೀ.”

ಅವಳ ಕಪ್ಪೆ ಒಂದು ಚೂರು ದೊಡ್ಡದಿತ್ತು. ಡಾಕ್ಟರು ಎರಡರ ಹೊಟ್ಟೆಗೂ ಹೆಬ್ಬೆರಳು ಆಡಿಸಿದರು. ಅವಳದರ ಅಕ್ಷರ ಉಗುರಿಗೆ ಸಿಗುತ್ತಿತ್ತು. ಏಜೆಂಟರದ್ದು ಚೀಪಿ ಉಗುಳಿದ ಪೆಪ್ಪರ್‌ಮೆಂಟಿನ ಹಾಗಿತ್ತು.

ಏಜೆಂಟರೂ ಮುಟ್ಟಿ ನೋಡಿದರು. ಕಿವಿ ಕೆಂಪಾಯಿತು. ಆಮೇಲೆ ನಕ್ಕರು.

“ಯಾವನೋ ಚೆನ್ನಾಗಿ ಟೋಪಿ ಹಾಕಿದಾನೆ ಕಣೇ. ಊದ್ಕೊಂಡಿದೆ ನೋಡು, ನಿನ್ನ ಹಾಗೇ! ಹೊಸ ನಕಲು, ಅದಕ್ಕೇ ಅಕ್ಷರ ಚೂಪು.”

“ನಕಲು ಸಣ್ಣದಾಗುತ್ತೆ ಅಂತ ಈಗ ತಾನೇ ನೀವೇ...”

“ಓಹೋ, ದೊಡ್ಡ ಪಂಡಿತೆ!”

ಡಾಕ್ಟರು ಕನ್ನಡಕ ಒರೆಸಿಕೊಂಡರು. “ಹೇಗೂ ನಕಲು ಅಂತೀರಿ. ನನಗೇ ಕೊಟ್ಬಿಡಿ. ಕ್ಲಿನಿಕ್ಕಲ್ಲಿ ಚೀಟಿ ಹಾರದ ಹಾಗೆ ಇಡ್ತೀನಿ.”

ಏಜೆಂಟರ ಕೈ ಆ ಕಪ್ಪೆಯತ್ತ ಹೋಗಿ ಅರ್ಧದಲ್ಲೇ ನಿಂತಿತು. ಹೆಂಡತಿ ಅವರನ್ನೇ ನೋಡುತ್ತಿದ್ದಳು.

“ಅದಕ್ಕೇನಂತೆ, ತಗೊಂಡ್ಹೋಗಿ. ಮನೇಲಿ ಕಸ ಕಮ್ಮಿ ಆಗುತ್ತೆ.”

ಡಾಕ್ಟರು ಅವಳ ಕಪ್ಪೆಯನ್ನು ಕರವಸ್ತ್ರದಲ್ಲಿ ಬಲು ಜೋಪಾನವಾಗಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

“ಮುಖ ಊದಿಸ್ಕೋಬೇಡ್ವೇ,” ಎಂದರು ಏಜೆಂಟರು. “ಮುಂದಿನ ಸಲ ಏನಾದ್ರೂ ತಗೊಳ್ಳೋ ಮುಂಚೆ ನನ್ನನ್ನ ಒಂದು ಮಾತು ಕೇಳು. ನಾನಾದ್ರೆ ಕಣ್ಣು ಮುಚ್ಕೊಂಡೇ...”

ಅವಳು ಆಗಲೇ ಹೊಸಿಲು ದಾಟಿ, ಕಾಲಿನಿಂದ ಚಪ್ಪಲಿ ತಡಕುತ್ತಿದ್ದಳು.