ಕಿಣ್ಣಿ ಸುಲ್ತಾನಕ್ಕೆ ಇಳಿದವರು

ಊರ ಮೇಲೆ ಬೇರೆ ಲೋಕದ ವಿಮಾನ ಹಾರಿತೆಂದು ಧರ್ಮಣ್ಣ ಸಾರಿದಾಗ ಶಾಂಭವಿ ನಕ್ಕಳು. ಅವನು ಕಂಡದ್ದು ಅವಳ ಡ್ರೋನು. ಮಹಿಳಾ ಸಂಘಕ್ಕೆ ಬಂದ ಆ ಔಷಧಿ ಹೊಡೆಯುವ ಯಂತ್ರವನ್ನು ಹಾರಿಸಲು ಹದಿನೈದು ದಿನ ಕಲಿತು ಬಂದವಳು ಕಿಣ್ಣಿ ಸುಲ್ತಾನವೆಂಬ ಆ ಊರಲ್ಲಿ ಅವಳೊಬ್ಬಳೇ. ಹಿಂದಿನ ಸಂಜೆ ಗಾಳಿ ನಿಂತದ್ದು ನೋಡಿ ಮನೆಯ ತೊಗರಿಗೆ ಹೊಡೆದಿದ್ದಳು. ಆರು ತೋಳು, ಕೆಂಪು ಹಸಿರು ದೀಪ, ಕೆಳಗೆ ಮಂಜಿನಂತೆ ಇಳಿಯುವ ಔಷಧಿ. ಧರ್ಮಣ್ಣನಿಗೆ ಅಷ್ಟು ಸಾಕಾಯಿತು.

ಚಹಾದಂಗಡಿಯಲ್ಲಿ ಅವನ ಕತೆ ದಿನಕ್ಕೊಂದು ಗೇಣು ಬೆಳೆಯಿತು. ಮೊದಲ ದಿನ ಬರೀ ದೀಪ, ಎರಡನೆಯ ದಿನ ಕಿಟಕಿಯಲ್ಲಿ ಮುಖ, ಮೂರನೆಯ ದಿನ ಅವರು ಅವನ ಹೆಸರು ಹಿಡಿದು ಕರೆದಿದ್ದರು. ಇಷ್ಟೊಂದು ನಕ್ಷತ್ರ ದಾಟಿ ಬಂದವರಿಗೆ ಮಾತಾಡಲು ಸಿಕ್ಕವನು ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತ ಧರ್ಮಣ್ಣ. ದೊಡ್ಡ ಜಮೀನಿನ ಹಣಮಂತರಾಯರು ಕೇಳಿದ್ದು ಒಂದೇ ಪ್ರಶ್ನೆ: ಅವರು ಯಾವ ಜಾತಿ ಪೈಕಿ? ಹಣೆಯ ಮೇಲೆ ವಿಭೂತಿಯಂಥದ್ದೇನೋ ಕಂಡಿತೆಂದು ಧರ್ಮಣ್ಣ ಹೇಳಿದ ಮೇಲೆ ಹಿರಿಯರಿಗೆ ಸಮಾಧಾನವಾಯಿತು.

ಅದು ತನ್ನ ಡ್ರೋನು ಎಂದು ಶಾಂಭವಿ ಹೇಳಿ ನೋಡಿದಳು.

"ಹೆಣ್ಮಕ್ಕಳು ಸ್ಕೂಟಿ ಓಡಿಸಿದ್ರ ಗಟಾರಕ್ಕ ಹೋಗ್ತಾರ, ಇಕಿ ವಿಮಾನ ಹಾರಸ್ತಾಳಂತ" ಎಂದ ಧರ್ಮಣ್ಣ. ಅಂಗಡಿ ಪೂರ್ತಿ ನಕ್ಕಿತು.

ಅವಳಿಗೆ ನಕ್ಕು ಬಿಡುವ ಹಾಗಿರಲಿಲ್ಲ. ರಾಯರ ಅರವತ್ತು ಎಕರೆಗೆ ಔಷಧಿ ಹೊಡೆಯುವ ಕೆಲಸ ಸಿಕ್ಕರೆ ಉಳಿದವರೂ ಕರೆಯುತ್ತಾರೆ. ಈ ವಾರ ಕೆಲಸ ಸಿಗದಿದ್ದರೆ ಡ್ರೋನು ಪಕ್ಕದೂರು ಮಾದನಹಿಪ್ಪರಗಾದ ಸಂಘದ ಪಾಲು. ಹಾಗಾಗಿ ಮರುದಿನ ಹತ್ತು ಗಂಟೆಯ ಬಿಸಿಲಲ್ಲಿ ಎಲ್ಲರನ್ನೂ ರಾಯರ ಬದುವಿಗೆ ಕರೆದು, ಅವರ ಕಣ್ಣೆದುರೇ ಹಾರಿಸಿ, ಎರಡು ಸುತ್ತು ಹೊಡೆಸಿ, ತನ್ನ ಕಾಲ ಬಳಿ ಇಳಿಸಿದಳು.

ರಾಯರು ಚಪ್ಪಲಿ ಬಿಟ್ಟು ಹತ್ತಿರ ಬಂದರು. ಕೈ ಮುಗಿದರು, ಡ್ರೋನಿಗೆ. ಹದಿನಾರು ಲೀಟರಿನ ಔಷಧಿ ಟ್ಯಾಂಕಿನೊಳಗೆ ಇಣುಕಿ ಮೆಲ್ಲಗೆ ಕೇಳಿದರು: "ಅವರು ಎಲ್ಲಿ ಕುಂತಾರ?"

ಧರ್ಮಣ್ಣ ಕಣ್ಣು ಮಿಟುಕಿಸದೆ ವಿವರಿಸಿದ. ಅವರು ಮೇಲೆಯೇ ಇದ್ದಾರೆ, ಹುಡುಗಿಯ ಬೆರಳಿಗೆ ಶಕ್ತಿ ಕೊಟ್ಟಿದ್ದಾರೆ, ಕೊಡಿರೆಂದು ಶಿಫಾರಸು ಮಾಡಿದವನು ತಾನೇ.

"ಹೊಡೀರಿ ಅಂತ ಅವರು ಹೇಳ್ಯಾರಂತ ಒಂದ್ ಮಾತು ಅನ್ನವ್ವ," ಎಂದರು ರಾಯರು. "ಅರವತ್ತೂ ಎಕರೆ ನಿನಗ."

ಧರ್ಮಣ್ಣ ಪಾಲುದಾರನಂತೆ ಮುಗುಳ್ನಕ್ಕ. ಒಂದು ಮಾತು, ಅಷ್ಟೇ. ಶಾಂಭವಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕಣ್ಣಾರೆ ಕಂಡ ಮೇಲೂ ಅಲ್ಲಿ ಅವಳನ್ನು ಕಂಡವರು ಯಾರೂ ಇರಲಿಲ್ಲ.

"ಯಾರೂ ಹೇಳಿಲ್ರಿ. ನಾನ ಕಲ್ತೇನಿ, ನಾನ ಹಾರಿಸೇನಿ."

ರಾಯರು ಚಪ್ಪಲಿ ಮೆಟ್ಟಿದರು. "ಹಂಗಾದ್ರ ಬ್ಯಾಡ ಬಿಡು. ಹೆಣ್ಮಗಳ ಕೈಯಾಗ ಬೆಳಿ ಕೊಡಾಕ ಆಗಂಗಿಲ್ಲ."

ಅವಳು ಅವರದೇ ತೊಗರಿ ಗಿಡದಿಂದ ಒಂದು ಕಾಯಿ ಕಿತ್ತು ಸೀಳಿ, ಒಳಗೆ ಕಾಳು ತಿನ್ನುತ್ತಿದ್ದ ಹಸಿರು ಹುಳವನ್ನು ಅವರ ಅಂಗೈಯಲ್ಲಿ ಇಟ್ಟಳು.

"ಇದನ್ನ ಅವರಿಗೇ ತೋರಸ್ರಿ."

ರಾಯರು ಹುಳ ಹಿಡಿದುಕೊಂಡೇ ಆಕಾಶ ನೋಡಿದರು. ಉಳಿದವರೂ ನೋಡಿದರು. ಅಷ್ಟರಲ್ಲಿ ಶಾಂಭವಿ ಡ್ರೋನಿನ ಆರೂ ತೋಳು ಮಡಚಿ, ಮಾದನಹಿಪ್ಪರಗಾದ ಸಂಘಕ್ಕೆ ಫೋನು ಹಚ್ಚಿ, ಹಾರಿಸಲು ನಿಮ್ಮಲ್ಲಿ ಕಲಿತವರು ಯಾರಾದರೂ ಇದ್ದಾರೆಯೇ, ಇಲ್ಲದಿದ್ದರೆ ನಾನೇ ಬರಲೇ ಎಂದು ಕೇಳುತ್ತಿದ್ದಳು.